ಡಿಕ್ಕಿಯಲ್ಲಿ ಹೋಗದ ಮೆಷಿನ್

ಸೋಮ, ಮಂಗಳ, ಗುರು, ಶನಿ ಬಿ.ಸಿ.ರೋಡ್. ಬುಧವಾರ ಬೆಳ್ತಂಗಡಿ. ಶುಕ್ರವಾರ ಮೂಡುಬಿದಿರೆ. ನನ್ನ ವಾರ ಇಷ್ಟೇ. ಬೆಳ್ತಂಗಡಿಗೆ ವಗ್ಗ, ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಹೋಗ್ತೇನೆ. ಮೂಡುಬಿದಿರೆಗೆ ರಾಯಿ, ಸಿದ್ಧಕಟ್ಟೆ ದಾರಿ. ಕಾರಿನ ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ ಸಿರಿಂಜು, ಇಂಜೆಕ್ಷನ್ನು, ಕ್ರೇಪ್ ಬ್ಯಾಂಡೇಜು. ಕೊಡೆ ಯಾವತ್ತೂ ಉಂಟು. ಸೀಸನ್ನಿನಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ಹಲಸಿನಹಣ್ಣೂ ಇರುತ್ತದೆ.

ನಾನು ಎಂಬಿಬಿಎಸ್, ಮೇಲೊಂದು ಸ್ಪೋರ್ಟ್ಸ್ ಮೆಡಿಸಿನ್ ಡಿಪ್ಲೊಮಾ. ಸರ್ಜನ್ ಅಲ್ಲ, ರೇಡಿಯಾಲಜಿಸ್ಟೂ ಅಲ್ಲ. ಊರಿನವರ ಭಾಷೆಯಲ್ಲಿ ‘ಗಂಟುನೋವಿನ ಡಾಕ್ಟ್ರು’. ಬೆಳ್ತಂಗಡಿಯಲ್ಲಿ ಬರುವುದು ಹೆಚ್ಚಾಗಿ ಭುಜ: ದಿನವಿಡೀ ಕತ್ತು ಮೇಲೆ ಮಾಡಿ ಉದ್ದದ ದೋಟಿಯಲ್ಲಿ ಅಡಿಕೆ ಕೊಯ್ಯುವವರು, ಮಳೆಗಾಲದಲ್ಲಿ ಮದ್ದು ಬಿಡುವವರು, ಬೆಳಗಿನ ಜಾವ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು. ಬಂಟ್ವಾಳದಲ್ಲಿ ಹೆಬ್ಬೆರಳು, ಮಣಿಕಟ್ಟು: ಬೀಡಿ ಕಟ್ಟುವ ಹೆಂಗಸರು. ಮೂಡುಬಿದಿರೆಯಲ್ಲಿ ಕಾಲು: ಹಾಸ್ಟೆಲಿನಲ್ಲಿದ್ದು ಓಡುವ, ಕಬಡ್ಡಿ ಆಡುವ ಮಕ್ಕಳು, ಕಂಬಳದ ಓಟಗಾರರು.

ಹೋದ ವರ್ಷ ಅಮೆರಿಕದಲ್ಲಿರುವ ಕ್ಲಾಸ್‌ಮೇಟ್ ಒಬ್ಬ ಫೋನ್ ಮಾಡಿದ್ದ. ಮಾತಿನ ಮಧ್ಯೆ, “ನೀನಿನ್ನೂ ಕುರುಡಾಗಿಯೇ ಚುಚ್ಚುತ್ತಿದ್ದೀಯೇನೋ?” ಅಂದ. ಅವನ ಟೇಬಲ್ಲಿನ ಮೇಲೆ ಒಂದು ಅಲ್ಟ್ರಾಸೌಂಡ್ ಮೆಷಿನ್ ಉಂಟಂತೆ. ಭುಜ ನೋವು ಅಂತ ಬಂದವರಿಗೆ ಅಲ್ಲೇ ಪ್ರೋಬ್ ಇಟ್ಟು ನೋಡುತ್ತಾನೆ, ಸ್ಕ್ರೀನ್ ನೋಡಿಕೊಂಡೇ ಸೂಜಿ ಹಾಕುತ್ತಾನೆ. ಅದಕ್ಕೊಂದು ಪರೀಕ್ಷೆಯೂ ಪಾಸು ಮಾಡಿದ್ದಾನೆ. ಆರ್‌ಎಂಎಸ್‌ಕೆ ಅಂತ ಅದರ ಹೆಸರು, 2012ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಮೂಳೆ, ಸ್ನಾಯು, ಕೀಲುಗಳ ಅಲ್ಟ್ರಾಸೌಂಡ್ ನನಗೆ ಬರುತ್ತದೆ ಅಂತ ಹೇಳುವ ಸರ್ಟಿಫಿಕೇಟು. “ನೀನೂ ಬರಿ ಮಾರಾಯ, ನಿನ್ನಂಥವರಿಗೇ ಅದು ಬೇಕಾದ್ದು,” ಅಂದ.

ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಕೂತೆ. ಫೀಸು ಡಾಲರಿನಲ್ಲಿತ್ತು. ರೂಪಾಯಿಗೆ ತಿರುಗಿಸಿ ನೋಡಿ ಮುಚ್ಚಿದೆ. ಆದರೆ ‘ಕುರುಡಾಗಿ’ ಅನ್ನುವ ಮಾತು ಮಾತ್ರ ಹೋಗಲಿಲ್ಲ. ಯಾಕೆಂದರೆ ಅದೇ ತಿಂಗಳು ನನ್ನ ಕುರ್ಚಿಯೆದುರು ಒಬ್ಬರು ಕೂತು ಹೋಗಿದ್ದರು.

ಬಂಟ್ವಾಳದ ಹತ್ತಿರದವರು, ನಲವತ್ತೈದರ ಆಸುಪಾಸು. ಮದುವೆಗೆ ಮೊದಲಿನಿಂದಲೂ ಬೀಡಿ ಕಟ್ಟುತ್ತಿದ್ದಾರೆ. ತೊಡೆಯ ಮೇಲೆ ತಡ್ಪೆ ಇಟ್ಟುಕೊಂಡು ಎಲೆ ಕತ್ತರಿಸಿ, ಹೊಗೆಸೊಪ್ಪು ಹಾಕಿ ಸುರುಳಿ ಸುತ್ತಿ, ಬಾಯಿ ಮಡಚಿ ನೂಲು ಕಟ್ಟುವ ಕೆಲಸ. ಸಾವಿರಕ್ಕಿಷ್ಟು ಅಂತ ಮಜೂರಿ. ಹೆಬ್ಬೆರಳು ಸೋತರೆ ಲೆಕ್ಕ ಸೋತಿತು. ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಮಣಿಕಟ್ಟನ್ನು ಕೆಳಗೆ ಬಗ್ಗಿಸಿದಾಗ ಅವರು ಕೂಗಿಕೊಂಡರು. 1895ರಲ್ಲಿ ಸ್ವಿಟ್ಜರ್‌ಲೆಂಡಿನ ಸರ್ಜನ್ ಡಿ ಕೆರ್ವೇನ್ ಬರೆದಿಟ್ಟ ಕಾಯಿಲೆ ಇದು. ಹೆಬ್ಬೆರಳಿನ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನಲ್ಲಿ ಒಂದು ಸಣ್ಣ ಸುರಂಗದೊಳಗಿಂದ ಹೋಗುತ್ತವೆ. ಆ ಸುರಂಗ ದಪ್ಪಗಾಗಿ ಬಿಗಿದುಕೊಳ್ಳುತ್ತದೆ. ಸುರಂಗದೊಳಗೆ ಒಂದು ಸ್ಟಿರಾಯ್ಡ್ ಇಂಜೆಕ್ಷನ್ ಬಿದ್ದರೆ ಹೆಚ್ಚಿನವರಿಗೆ ಗುಣವಾಗುತ್ತದೆ.

ಕೊಟ್ಟೆ. ಕೈಯಿಂದ ಮುಟ್ಟಿ ಅಂದಾಜಿನ ಮೇಲೆ, ನೂರಾರು ಜನರಿಗೆ ಕೊಟ್ಟ ಹಾಗೆಯೇ. ಮೂರು ವಾರ ಬಿಟ್ಟು ಬಂದರು, ಏನೂ ಕಡಿಮೆಯಿಲ್ಲ. ಇನ್ನೊಂದು ಕೊಟ್ಟೆ. ಎರಡು ತಿಂಗಳ ಮೇಲೆ ಬಂದಾಗ ನೋವು ಹಾಗೆಯೇ ಇತ್ತು, ಜೊತೆಗೆ ಮಣಿಕಟ್ಟಿನ ಮೇಲೆ ಐದು ರೂಪಾಯಿ ನಾಣ್ಯದಷ್ಟು ಅಗಲದ ಬಿಳಿ ಕಲೆ. ಔಷಧ ಸುರಂಗದೊಳಗೆ ಹೋಗದೆ ಚರ್ಮದ ಕೆಳಗೆ ಉಳಿದರೆ ಹೀಗಾಗುತ್ತದೆ.

“ಇದು ಎಂತ ಡಾಕ್ಟ್ರೇ, ತೊನ್ನಾ?” ಅಂತ ಕೇಳಿದರು. ಅಲ್ಲ, ಔಷಧದ್ದು, ನಿಧಾನಕ್ಕೆ ಹೋಗುತ್ತದೆ ಅಂದೆ. ಅವರು ತಲೆಯಾಡಿಸಿದರು. ಮತ್ತೆ ಮೆಲ್ಲಗೆ, “ಮಗಳನ್ನು ನೋಡ್ಲಿಕ್ಕೆ ಮುಂದಿನ ತಿಂಗಳು ಬರ್ತಾರೆ. ಅಷ್ಟರೊಳಗೆ ಹೋಗ್ತದಾ?” ಅಂದರು. ಆ ಕೈಗೆ ಅವತ್ತು ಬಳೆ ಜಾಸ್ತಿ ಇತ್ತು. ಒಂದರ ಮೇಲೊಂದು ಹಾಕಿ ಕಲೆ ಮುಚ್ಚಿಕೊಂಡು ಬಂದಿದ್ದರು.

ಆಮೇಲೆ ಓದಿದೆ, ಅಥವಾ ಹಿಂದೆ ಓದಿದ್ದನ್ನೇ ಮತ್ತೆ ಓದಿದೆ ಅನ್ನಿ. ಕೆಲವರ ಮಣಿಕಟ್ಟಿನಲ್ಲಿ ಆ ಸುರಂಗದ ನಡುವೆ ಒಂದು ತೆಳು ಗೋಡೆ ಇರುತ್ತದೆ. ಒಂದೇ ಕೋಣೆ ಅಂತ ನಾವು ಅಂದುಕೊಂಡದ್ದು ಎರಡು ಕೋಣೆ. ಒಂದು ಕೋಣೆಗೆ ಹಾಕಿದ ಔಷಧ ಇನ್ನೊಂದಕ್ಕೆ ತಲುಪುವುದಿಲ್ಲ. ಕೈಯಿಂದ ಮುಟ್ಟಿ ಅದು ಗೊತ್ತಾಗುವುದಿಲ್ಲ. ಅಲ್ಟ್ರಾಸೌಂಡಿನಲ್ಲಿ ಕಾಣುತ್ತದೆ.

ಎರಡನೆಯದು ಮೂಡುಬಿದಿರೆಯ ಕತೆ. ಕಂಬಳದ ಸೀಸನ್. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ನಮ್ಮ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಕೆರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು, ಇಡೀ ದೇಶ ಅವರನ್ನು ಉಸೇನ್ ಬೋಲ್ಟ್ ಜೊತೆ ಹೋಲಿಸಿದ್ದು ನಿಮಗೆ ನೆನಪಿರಬಹುದು. ಅಂದಿನಿಂದ ಈ ಕಡೆಯ ಹುಡುಗರಿಗೆ ಕೋಣದ ಹಿಂದೆ ಓಡುವುದೆಂದರೆ ಬೇರೆಯೇ ಹುಮ್ಮಸ್ಸು. ಅಂಥ ಒಬ್ಬ ಹುಡುಗ ಶುಕ್ರವಾರ ಸಂಜೆ ಕುಂಟಿಕೊಂಡು ಬಂದ. ಮೀನಖಂಡದಲ್ಲಿ ಯಾರೋ ಕಲ್ಲು ಹೊಡೆದ ಹಾಗಾಯಿತಂತೆ, ಎರಡು ದಿನ ಹಿಂದೆ. ನಾಳೆ ಓಡಬೇಕು. “ಓಡಬಹುದಾ ಸರ್?” ಅಂದ.

ಸ್ನಾಯು ಹರಿದಿದೆ ಅಂತ ನನಗೆ ಅನ್ನಿಸಿತು. ಓಡಬೇಡ ಅಂದೆ. ಎಷ್ಟು ಹರಿದಿದೆ, ಎಷ್ಟು ದಿನ ಅಂತ ಕೇಳಿದ. ಸ್ಕ್ಯಾನ್ ಮಾಡಿಸಿದರೆ ಹೇಳಬಹುದು, ಈ ಹೊತ್ತಿಗೆ ಮಂಗಳೂರಿಗೇ ಹೋಗಬೇಕಾದೀತು ಅಂದೆ. ಹೋಗಲು ಮೂವತ್ತೈದು ಕಿಲೋಮೀಟರ್, ಬರಲು ಅಷ್ಟೇ. ಅವನು ಹೋಗಲಿಲ್ಲ. ಮರುದಿನ ಕಾಲಿಗೆ ಬಟ್ಟೆ ಬಿಗಿದುಕೊಂಡು ಓಡಿದ, ಅರ್ಧ ಕೆರೆಯಲ್ಲಿ ಬಿದ್ದ. ಆ ಸೀಸನ್ ಅವನಿಗೆ ಅಲ್ಲಿಗೇ ಮುಗಿಯಿತು.

ಸ್ಕ್ರೀನಿನ ಮೇಲೆ ಸ್ನಾಯು ಹರಿದ ಕಪ್ಪು ಜಾಗವನ್ನು ಅವನಿಗೆ ತೋರಿಸಿದ್ದರೆ ಏನಾಗುತ್ತಿತ್ತು? ನನ್ನ ಬಾಯಿಮಾತು ನಂಬದವನು ತನ್ನ ಕಣ್ಣನ್ನು ನಂಬುತ್ತಿದ್ದನೋ ಏನೋ. ಈ ವಿದ್ಯೆ ಹೊಸದೇನೂ ಅಲ್ಲ. ಮೊಣಕಾಲಿನ ಹಿಂದೆ ಊದಿಕೊಂಡದ್ದು ನೀರುಗುಳ್ಳೆಯೋ, ರಕ್ತ ಹೆಪ್ಪುಗಟ್ಟಿದ್ದೋ ಅಂತ ಅಲ್ಟ್ರಾಸೌಂಡಿನಲ್ಲಿ ಬೇರೆ ಮಾಡಿ ತೋರಿಸಿದ್ದು 1972ರಲ್ಲೇ. ಐವತ್ತು ವರ್ಷವಾದರೂ ಬಿ.ಸಿ.ರೋಡಿನಿಂದ ಮೂಡುಬಿದಿರೆಗೆ ಹೋಗುವ ನನ್ನ ಕೈಗೆ ಅದು ಬಂದಿಲ್ಲ.

ಹಾಗಾದರೆ ತಗೊಳ್ಳೋದೇ ಅಲ್ವಾ ಅಂತ ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡು ಬೆಂಗಳೂರಿನಲ್ಲಿ ಎರಡು ದಿನದ ವರ್ಕ್‌ಶಾಪಿಗೆ ಹೋದೆ. ಶನಿವಾರ ಪಾಠ, ಭಾನುವಾರ ಕೈಯಲ್ಲಿ ಪ್ರೋಬ್. ಬಂದವರೇ ಒಬ್ಬರ ಭುಜ ಇನ್ನೊಬ್ಬರು ನೋಡುವುದು. ನನ್ನ ಪಾಲಿಗೆ ಬಂದವರು ಹುಬ್ಬಳ್ಳಿ ಕಡೆಯ ಡಾಕ್ಟರು, ದಿನಾ ಬ್ಯಾಡ್ಮಿಂಟನ್ ಆಡುವ ಗಟ್ಟಿ ಆಳು. ಅವರ ಭುಜದ ಮೇಲೆ ಪ್ರೋಬ್ ಇಟ್ಟೆ. ಬಿಳಿ ಬಿಳಿ ಗೆರೆಗಳ ಸ್ನಾಯುರಜ್ಜು, ಅದರ ಮಧ್ಯೆ ಸ್ಪಷ್ಟವಾಗಿ ಒಂದು ಕಪ್ಪು ತೂತು. “ಸರ್, ನಿಮ್ಮದು ಹರಿದಿದೆ,” ಅಂದುಬಿಟ್ಟೆ. ಪಾಪ, ಅವರ ಮುಖ ಬಾಡಿಹೋಯಿತು.

ಕಲಿಸುವವರು ಬಂದು ನನ್ನ ಕೈ ಹಿಡಿದು ಪ್ರೋಬನ್ನು ಒಂಚೂರು, ಒಂದೇ ಚೂರು ವಾಲಿಸಿದರು. ತೂತು ಮಾಯ! ಜಾಗವೆಲ್ಲ ಬೆಳ್ಳಗಾಯಿತು.

ಇದಕ್ಕೆ ಅನೈಸೋಟ್ರಪಿ ಅನ್ನುತ್ತಾರೆ. ಸ್ನಾಯುರಜ್ಜು ಅಂದರೆ ಒತ್ತಾಗಿ ಜೋಡಿಸಿದ ನಾರು. ಶಬ್ದದ ಅಲೆ ಅದಕ್ಕೆ ನೆಟ್ಟಗೆ ಬಡಿದರೆ ಪ್ರತಿಧ್ವನಿ ಪ್ರೋಬಿಗೆ ವಾಪಸು ಬರುತ್ತದೆ, ಬೆಳ್ಳಗೆ ಕಾಣುತ್ತದೆ. ಓರೆಯಾಗಿ ಬಡಿದರೆ ಪ್ರತಿಧ್ವನಿ ಬೇರೆ ಕಡೆ ಹೋಗುತ್ತದೆ, ಗಟ್ಟಿಮುಟ್ಟಾದ ರಜ್ಜುವೂ ಕಪ್ಪಾಗಿ ಕಾಣುತ್ತದೆ. ಹೊಸಬರಿಗೆ ಅದು ಹರಿದ ಹಾಗೆ. ಮೆಷಿನ್ ಸುಳ್ಳು ಹೇಳಿದ್ದಲ್ಲ, ಕೈ ಓರೆ ಇತ್ತು. ಮೊದಲು ನಾನು ಕುರುಡಾಗಿ ಚುಚ್ಚುತ್ತಿದ್ದೆ ಸರಿ. ಆದರೆ ಕುರುಡನಿಗೆ ತಾನು ಕುರುಡ ಅಂತ ಗೊತ್ತಿರುತ್ತದೆ. ಎರಡು ದಿನದ ವರ್ಕ್‌ಶಾಪ್ ಮುಗಿಸಿದವನಿಗೆ ಅದೂ ಗೊತ್ತಿರುವುದಿಲ್ಲ. ಅಡಿಕೆ ಕೊಯ್ಯುವವನ ಭುಜದಲ್ಲಿ ನಾನು ಇಲ್ಲದ ತೂತು ಕಂಡು ಆಪರೇಶನ್ನಿಗೆ ಕಳಿಸಿದ್ದರೆ?

ಅವತ್ತಿನಿಂದ ಸರ್ಟಿಫಿಕೇಟಿನ ಬಗ್ಗೆ ನನ್ನ ತಾತ್ಸಾರ ಕಡಿಮೆಯಾಯಿತು. ಗೋಡೆಗೆ ತೂಗುಹಾಕಲು ಅಲ್ಲ. ನನ್ನ ಕೈ ಓರೆ ಉಂಟಾ ಇಲ್ಲವಾ ಅಂತ ನಾನೇ ಹೇಳಿಕೊಂಡರೆ ಸಾಲದು, ಬೇರೆ ಯಾರಾದರೂ ಅಳೆದು ಹೇಳಬೇಕು, ಅದಕ್ಕೆ. ಆದರೆ ಆರ್‌ಎಂಎಸ್‌ಕೆ ಪರೀಕ್ಷೆ ಅಳೆಯುವುದು ತಿಳುವಳಿಕೆಯನ್ನು. ಕಂಪ್ಯೂಟರಿನ ಮುಂದೆ ಕೂತು ಸರಿಯುತ್ತರ ಆರಿಸುವ ಪರೀಕ್ಷೆ ಅದು, ನನ್ನ ಕೈಯ ವಾಲು ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಕೂರುವ ಮೊದಲು ಸಾಕಷ್ಟು ಸ್ಕ್ಯಾನ್ ಮಾಡಿರಬೇಕು ಅನ್ನುವ ಶರತ್ತೂ ಉಂಟು.

ಇಲ್ಲಿ ಬಂತು ನೋಡಿ ನಮ್ಮ ದೇಶದ ಗಂಟು. ಸ್ಕ್ಯಾನ್ ಮಾಡಬೇಕಾದರೆ ಮೆಷಿನ್ ಬೇಕು. ಮೆಷಿನ್ ಬೇಕಾದರೆ ಪಿಸಿಪಿಎನ್‌ಡಿಟಿ ಕಾಯ್ದೆಯ ರಿಜಿಸ್ಟ್ರೇಶನ್ ಬೇಕು. 1994ರ ಕಾಯ್ದೆ, 2003ರಲ್ಲಿ ಬಿಗಿ ಮಾಡಿದ್ದು. ಭ್ರೂಣದ ಲಿಂಗ ಪತ್ತೆ ಮಾಡಬಲ್ಲ ಯಾವ ಮೆಷಿನ್ ಆದರೂ ಇದರೊಳಗೆ ಬರುತ್ತದೆ. ನಾನು ಬರೀ ಮಣಿಕಟ್ಟು ನೋಡುವವನು ಅಂತ ಹೇಳಿದರೆ ಆಗುವುದಿಲ್ಲ. ಮೆಷಿನ್ ಮಾರುವವರೂ ರಿಜಿಸ್ಟ್ರೇಶನ್ ಇಲ್ಲದವರಿಗೆ ಮಾರುವ ಹಾಗಿಲ್ಲ. ಮೊಬೈಲಿಗೆ ಸಿಕ್ಕಿಸಿ ನೋಡುವ ಸಣ್ಣ ಪ್ರೋಬಿಗೂ ಇದೇ ಕಾನೂನು. 2012ರಿಂದ ಇನ್ನೊಂದು ನಿಯಮ: ಹೊತ್ತೊಯ್ಯಬಹುದಾದ ಮೆಷಿನ್ನನ್ನು ರಿಜಿಸ್ಟರ್ ಆದ ಕಟ್ಟಡದೊಳಗೆ, ಇಲ್ಲವೇ ಬೇರೆ ಸೇವೆಗಳೂ ಇರುವ ಸಂಚಾರಿ ಆಸ್ಪತ್ರೆಯ ಭಾಗವಾಗಿ ಮಾತ್ರ ಬಳಸಬೇಕು. ಅಂದರೆ ಬುಧವಾರ ಬೆಳ್ತಂಗಡಿಗೆ, ಶುಕ್ರವಾರ ಮೂಡುಬಿದಿರೆಗೆ ಅದನ್ನು ಡಿಕ್ಕಿಯಲ್ಲಿ ಹಾಕಿಕೊಂಡು ಹೋದರೆ ನಾನು ಅಪರಾಧಿ. ಬೇರೆ ಊರಿಗೆ ಬೇರೆಯೇ ಮೆಷಿನ್, ಬೇರೆಯೇ ರಿಜಿಸ್ಟ್ರೇಶನ್.

ಸಿಟ್ಟು ಬಂತಾ? ನನಗೂ ಮೊದಲು ಬಂದಿತ್ತು. ಆದರೆ 1991ರಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದ ದೇಶದಲ್ಲಿ 2001ಕ್ಕೆ ಅದು 927ಕ್ಕೆ ಇಳಿದಿತ್ತು. 2023ರ ಕೊನೆಯಲ್ಲಿ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಮಾಡುವ ಜಾಗದಲ್ಲಿ! ಡಿಕ್ಕಿಯಲ್ಲಿ ತಿರುಗುವ ಮೆಷಿನ್ ಎಲ್ಲಿಗೆ ಹೋಗಿ ಮುಟ್ಟಬಹುದು ಅನ್ನುವುದಕ್ಕೆ ಬೇರೆ ಉದಾಹರಣೆ ಬೇಕಾ? ಬಳೆ ಹಾಕಿ ಕಲೆ ಮುಚ್ಚಿಕೊಂಡ ಆ ತಾಯಿಯ ಮಣಿಕಟ್ಟೂ ಮುಖ್ಯ, ಹುಟ್ಟಬೇಕಾದ ಹೆಣ್ಣುಮಗುವೂ ಮುಖ್ಯ. ಕಾನೂನು ಎರಡನೆಯದನ್ನು ಕಾಯಲು ಹೋಗಿ ಮೊದಲನೆಯದನ್ನು ಸ್ವಲ್ಪ ಕಾಯಿಸಿದೆ. ಅದಕ್ಕಾಗಿ ಕಾನೂನನ್ನು ಬೈಯಲು ನನಗೆ ಮನಸ್ಸಿಲ್ಲ.

ಆದರೆ ಒಂದು ವಿಷಯ ಮಾತ್ರ ತಮಾಷೆ. ನನ್ನಂಥ ಎಂಬಿಬಿಎಸ್ ಡಾಕ್ಟರು ಸ್ಕ್ಯಾನ್ ಮಾಡಬೇಕಾದರೆ ಆರು ತಿಂಗಳ ಟ್ರೈನಿಂಗ್ ಆಗಬೇಕು ಅಂತ 2014ರ ನಿಯಮ ಹೇಳುತ್ತದೆ. 2016ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ತಳ್ಳಿಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. 300 ಗಂಟೆಯ ಆ ಟ್ರೈನಿಂಗ್ ಕಲಿಸುವುದು ಏನನ್ನು? ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಅಲ್ಟ್ರಾಸೌಂಡ್! ಅಂದರೆ ಭುಜ ನೋಡಲು ಕಲಿಸುವ ಅಮೆರಿಕದ ಸರ್ಟಿಫಿಕೇಟಿಗೆ ಇಲ್ಲಿನ ಕಾನೂನಿನಲ್ಲಿ ಬೆಲೆಯಿಲ್ಲ. ಕಾನೂನಿನಲ್ಲಿ ಬೆಲೆಯಿರುವ ಟ್ರೈನಿಂಗಿನಲ್ಲಿ ಭುಜವಿಲ್ಲ. ಅಡಿಕೆ ಮರ ಹತ್ತಲು ಹೊರಟವನಿಗೆ ಮೊದಲು ಈಜು ಕಲಿತು ಬಾ ಅಂದ ಹಾಗೆ.

ಈ ಗೋಳನ್ನೆಲ್ಲ ಬಿ.ಸಿ.ರೋಡಿನಲ್ಲಿ ನಾನು ಪೇಶಂಟ್ ಕಳಿಸುವ ರೇಡಿಯಾಲಜಿಸ್ಟ್ ಮೇಡಂ ಹತ್ತಿರ ಒಂದು ಶನಿವಾರ ಹೇಳಿಕೊಂಡೆ. ಅವರು ಪೂರ್ತಿ ಕೇಳಿದರು. ಮತ್ತೆ ಡ್ರಾಯರಿನಿಂದ ನನ್ನದೇ ಹಳೆಯ ಚೀಟಿಗಳನ್ನು ತೆಗೆದು ಮುಂದೆ ಇಟ್ಟರು. ಎಲ್ಲದರಲ್ಲೂ ಒಂದೇ: ‘ಅಲ್ಟ್ರಾಸೌಂಡ್, ಬಲ ಭುಜ, ನೋವು.’ “ನೋವು ಅಂತ ನೀವು ಬರೆದ್ರೆ ನಾನು ಎಂತ ಹುಡುಕುದು ಡಾಕ್ಟ್ರೇ? ನನ್ನ ಹೊರಗೆ ಇಪ್ಪತ್ತು ಬಸುರಿಯರು ನೀರು ಕುಡ್ದು ಕೂತಿರ್ತಾರೆ. ನನಗೊಂದು ಪ್ರಶ್ನೆ ಕಳಿಸಿ, ಉತ್ತರ ಕಳಿಸ್ತೇನೆ,” ಅಂದರು.

ನಾಚಿಕೆಯಾಯಿತು. ಮೆಷಿನ್ ಇಲ್ಲ, ಕಾನೂನು ಬಿಡುವುದಿಲ್ಲ ಅಂತ ನಾನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಇರುವ ಮೆಷಿನ್ನಿಗೆ ಒಂದು ಸರಿಯಾದ ಪ್ರಶ್ನೆ ಕೇಳಿರಲಿಲ್ಲ.

ಮರುವಾರ ಬೀಡಿಯ ಅಕ್ಕನನ್ನು ಫೋನ್ ಮಾಡಿ ಕರೆಸಿದೆ. ಚೀಟಿಯಲ್ಲಿ ಬರೆದೆ: ‘ಎರಡು ಇಂಜೆಕ್ಷನ್ ಫಲಿಸಿಲ್ಲ. ಸುರಂಗದ ನಡುವೆ ಗೋಡೆ ಉಂಟಾ? ಎರಡು ರಜ್ಜುಗಳಲ್ಲಿ ಊತ ಯಾವುದರ ಸುತ್ತ?’ ಒಂದು ಗಂಟೆಯಲ್ಲಿ ಉತ್ತರ ಬಂತು. ಗೋಡೆ ಉಂಟು, ಊತ ಸಣ್ಣ ಕೋಣೆಯಲ್ಲಿ. ಮೇಡಂ ಸ್ಕ್ರೀನ್ ನೋಡಿಕೊಂಡೇ ಆ ಸಣ್ಣ ಕೋಣೆಗೆ ಸೂಜಿ ಹಾಕಿದರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಸೂಜಿಯ ತುದಿ ಒಂದು ಬಿಳಿ ಗೆರೆಯಾಗಿ ಬಂತು, ಔಷಧ ಕಪ್ಪಾಗಿ ರಜ್ಜುವಿನ ಸುತ್ತ ಹರಡಿತು. ಹನ್ನೊಂದು ವರ್ಷದಿಂದ ನಾನು ಕೊಡುತ್ತಿರುವ ಇಂಜೆಕ್ಷನ್ ಒಳಗೆ ಏನು ಮಾಡುತ್ತದೆ ಅಂತ ಕಣ್ಣಾರೆ ಕಂಡದ್ದು ಅವತ್ತೇ ಮೊದಲು.

ಅಕ್ಕ ನನ್ನ ಕಡೆ ತಿರುಗಿ, “ಇದು ನಿಮಗೆ ಬರುದಿಲ್ವಾ ಡಾಕ್ಟ್ರೇ?” ಅಂದರು. ಬೈದದ್ದಲ್ಲ, ಸುಮ್ಮನೆ ಕೇಳಿದ್ದು.

“ಇಲ್ಲಕ್ಕ, ಕಲಿಬೇಕು.”

“ಕಲೀರಿ. ನಮ್ಮ ಬ್ರಾಂಚಿನಲ್ಲಿ ಇನ್ನೂ ನಾಲ್ಕು ಜನರಿಗೆ ಉಂಟು ಈ ನೋವು.”

ಈಗ ನನ್ನ ಹತ್ತಿರ ಒಂದು ನೋಟ್‌ಬುಕ್ ಉಂಟು. ಎಡಗಡೆ ನನ್ನ ಊಹೆ, ಬಲಗಡೆ ಮೇಡಂ ರಿಪೋರ್ಟು. ಮೊದಲ ಹತ್ತು ಭುಜಗಳಲ್ಲಿ ನಾಲ್ಕರಲ್ಲಿ ನಾನು ತಪ್ಪಿದ್ದೆ. ಶನಿವಾರ ಮಧ್ಯಾಹ್ನ ಅವರ ಪಕ್ಕ ನಿಂತು ನೋಡುತ್ತೇನೆ, ಪ್ರೋಬ್ ಮುಟ್ಟುವುದಿಲ್ಲ. ಮೊದಲ ಇಂಜೆಕ್ಷನ್ ಫಲಿಸದಿದ್ದರೆ ಎರಡನೆಯದನ್ನು ಅಂದಾಜಿನಲ್ಲಿ ಕೊಡುವುದಿಲ್ಲ ಅಂತ ನಿಶ್ಚಯಿಸಿದ್ದೇನೆ.

ಬೇರೆ ಡಾಕ್ಟರುಗಳು, ಮುಖ್ಯವಾಗಿ ಈಗಷ್ಟೇ ಕಲಿತು ಹೊರಬಂದವರು, ಈ ಸರ್ಟಿಫಿಕೇಟ್ ಮಾಡಬೇಕಾ ಅಂತ ಕೇಳುತ್ತಾರೆ. ನಾನು ಮೂರು ಮಾತು ಹೇಳುತ್ತೇನೆ. ಒಂದು, ನೀವು ಕೀಲಿಗೆ, ಸ್ನಾಯುವಿಗೆ ಸೂಜಿ ಹಾಕುವವರಾದರೆ ನೋಡಲು ಕಲಿಯಿರಿ. ಔಷಧ ಮಾತ್ರ ಬರೆಯುವವರಾದರೆ ಒಳ್ಳೆಯ ಪ್ರಶ್ನೆ ಬರೆಯಲು ಕಲಿತರೆ ಸಾಕು. ಎರಡು, ಸ್ಕ್ಯಾನ್ ಮಾಡಲು ವಾರಕ್ಕೆ ಸಾಕಷ್ಟು ಕೇಸು ಇಲ್ಲದಿದ್ದರೆ ಕಲಿತ ಕೈ ತುಕ್ಕು ಹಿಡಿಯುತ್ತದೆ, ಕಾಗದ ಮಾತ್ರ ಹೊಸದಾಗಿಯೇ ಉಳಿಯುತ್ತದೆ. ಮೂರು, ಮೆಷಿನ್ನಿನ ಇಎಂಐ ಕಟ್ಟಲು ಸ್ಕ್ಯಾನ್ ಮಾಡುವ ದಿನ ಬರುತ್ತದೆ ಅನ್ನಿಸಿದರೆ ಬೇಡವೇ ಬೇಡ. ಸಾಲದ ಮೆಷಿನ್ ಎದುರಿಗಿದ್ದರೆ ಎಲ್ಲ ಭುಜಗಳೂ ಸ್ಕ್ಯಾನ್ ಬೇಕಾದ ಭುಜಗಳೇ.

ನನ್ನ ಮಟ್ಟಿಗೆ ಲೆಕ್ಕ ಹಾಕಿ ಆಯಿತು. ಮೊದಲು ಈಜು ಕಲಿಯುತ್ತೇನೆ. 300 ಗಂಟೆಯ ಟ್ರೈನಿಂಗಿಗೆ ಅರ್ಜಿ ಹಾಕಿದ್ದೇನೆ. ಅದು ಮುಗಿದ ಮೇಲೆ ಒಂದೇ ಮೆಷಿನ್, ಬಿ.ಸಿ.ರೋಡಿನಲ್ಲಿ, ರಿಜಿಸ್ಟರ್ ಮಾಡಿದ ಕೋಣೆಯಲ್ಲಿ, ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಅನ್ನುವ ಬೋರ್ಡಿನ ಕೆಳಗೆ. ಬೆಳ್ತಂಗಡಿ, ಮೂಡುಬಿದಿರೆಯವರಿಗೆ ಶನಿವಾರ. ಮೇಡಂ ಪಕ್ಕದಲ್ಲಿದ್ದು ನನ್ನ ಕೈಯ ಓರೆ ಹೇಳಲು ಒಪ್ಪಿದ್ದಾರೆ. ಅವರು ಸಾಕು ಅಂದ ದಿನ ಡಾಲರ್ ಫೀಸು ಕಟ್ಟಿ ಅಮೆರಿಕದ ಪರೀಕ್ಷೆಗೂ ಕೂರುತ್ತೇನೆ.

ಆದರೆ ಟ್ರೈನಿಂಗ್ ಮುಗಿಯುವವರೆಗೆ ಬುಧವಾರ, ಶುಕ್ರವಾರದ ಸುತ್ತು ಇಲ್ಲ, ಬಿ.ಸಿ.ರೋಡಿನಲ್ಲೂ ಸಂಜೆ ಮಾತ್ರ. ಹೋದ ವಾರ ಬೆಳ್ತಂಗಡಿ ಕ್ಲಿನಿಕ್ಕಿನ ಬಾಗಿಲಿಗೆ ಚೀಟಿ ಅಂಟಿಸಿದೆ: ‘ಡಾಕ್ಟ್ರು ಆರು ತಿಂಗಳು ಬರುವುದಿಲ್ಲ.’ ಅಂಟಿಸುವಾಗ ಹಿಂದೆ ನಿಂತಿದ್ದ ಅಜ್ಜರೊಬ್ಬರು ಓದಿ, “ಎಂತ ಡಾಕ್ಟ್ರೇ, ಹುಷಾರಿಲ್ವಾ?” ಅಂತ ಕೇಳಿದರು.

ಹುಷಾರುಂಟು, ಕಲಿಯಲು ಹೋಗ್ತಿದ್ದೇನೆ ಅಂದೆ.

“ಈ ಪ್ರಾಯದಲ್ಲಾ?” ಅಂದು ನಕ್ಕರು. ಮತ್ತೆ ತಮ್ಮ ಬಲಭುಜ ಒತ್ತಿಕೊಳ್ಳುತ್ತಾ, “ಅಡಿಕೆ ಕೊಯ್ಲಿನ ಹೊತ್ತಿಗಾದ್ರೂ ಬರ್ತೀರಲ್ಲ?” ಅಂದರು.